ಜವಾನನ ಎದೆನೋವು

ಹಳೆಯ ಕನ್ನಡ ಸಿನಿಮಾಗಳಲ್ಲಿ ಹೃದಯಾಘಾತ ಆಗುತ್ತಿದ್ದುದು ಸಾಹುಕಾರರಿಗೆ ಮಾತ್ರ. ರೇಷ್ಮೆ ಗೌನು ತೊಟ್ಟು, ಬಂಗಲೆಯ ಮೆಟ್ಟಿಲ ಮೇಲೆ ನಿಂತು, ಮಗಳ ಪ್ರೇಮದ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಕುಸಿಯುವವರು ಅವರೇ. ಅವರಿಗೆ ನೀರು ತಂದುಕೊಡುವ ಆಳಿಗಾಗಲಿ, ಅವರ ಆಫೀಸಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಜವಾನನಿಗಾಗಲಿ ಎದೆನೋವು ಬಂದದ್ದನ್ನು ತೆರೆಯ ಮೇಲೆ ನೋಡಿದ ನೆನಪು ನನಗಿಲ್ಲ. ಬಡವರಿಗೆ ಕ್ಷಯ, ದೊಡ್ಡವರಿಗೆ ಹಾರ್ಟ್ ಅಟ್ಯಾಕ್ ಎಂದು ರೋಗಗಳನ್ನೂ ಅಂತಸ್ತಿಗೆ ತಕ್ಕಂತೆ ಹಂಚಿಬಿಟ್ಟಿದ್ದರು.

ಇದು ಸಿನಿಮಾದವರ ತಲೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. 1950, 60ರ ದಶಕಗಳಲ್ಲಿ ಲಂಡನ್ನಿನ, ನ್ಯೂಯಾರ್ಕಿನ ಎಷ್ಟೋ ಡಾಕ್ಟರುಗಳು ನಂಬಿದ್ದೂ ಇದನ್ನೇ. ದೊಡ್ಡ ಹುದ್ದೆ ಎಂದರೆ ದೊಡ್ಡ ಹೊಣೆ, ಹೊಣೆ ಎಂದರೆ ಒತ್ತಡ, ಒತ್ತಡ ಹೃದಯಕ್ಕೆ ಕುತ್ತು. ಸರಣಿ ಎಷ್ಟು ಸರಾಗವಾಗಿತ್ತೆಂದರೆ ಅದನ್ನು ಪರೀಕ್ಷೆಗೆ ಒಡ್ಡಬೇಕು ಎಂದು ಹೆಚ್ಚಿನವರಿಗೆ ಅನ್ನಿಸಿರಲಿಲ್ಲ.

1958ರಲ್ಲಿ ಈ ನಂಬಿಕೆಗೆ ಕೋತಿಗಳ ಸಾಕ್ಷಿಯೂ ಸಿಕ್ಕಿತು. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿದ್ದ ಜೋಸೆಫ್ ಬ್ರೇಡಿ ಎಂಬ ಮನೋವಿಜ್ಞಾನಿ ಕೋತಿಗಳನ್ನು ಜೋಡಿ ಜೋಡಿಯಾಗಿ ಕುರ್ಚಿಗೆ ಕಟ್ಟಿ ಕೂರಿಸಿದರು. ಎರಡರ ಮುಂದೆಯೂ ಒಂದೊಂದು ಲಿವರ್. ಮೊದಲನೆಯ ಕೋತಿ ಹೊತ್ತುಹೊತ್ತಿಗೆ ತನ್ನ ಲಿವರ್ ಒತ್ತುತ್ತಿದ್ದರೆ ಇಬ್ಬರೂ ಪಾರು. ಮರೆತರೆ ಇಬ್ಬರಿಗೂ ಕರೆಂಟು. ಎರಡನೆಯದರ ಲಿವರ್ ಬರೀ ತೋರಿಕೆಯದು, ಒತ್ತಿದರೂ ಬಿಟ್ಟರೂ ಒಂದೇ. ಹೊಣೆ ಹೊತ್ತ ಕೋತಿಗೆ ಬ್ರೇಡಿ 'ಎಕ್ಸಿಕ್ಯುಟಿವ್' ಎಂದು ಹೆಸರಿಟ್ಟರು. ನಾಲ್ಕು ಜೋಡಿಗಳಲ್ಲೂ ಹೊಟ್ಟೆಯಲ್ಲಿ ಹುಣ್ಣೆದ್ದದ್ದು ಎಕ್ಸಿಕ್ಯುಟಿವ್ ಕೋತಿಗೆ. ಪತ್ರಿಕೆಗಳು ಕುಣಿದಾಡಿದವು. ಮ್ಯಾನೇಜರುಗಳಿಗೆ ತಮ್ಮ ಎದೆಯುರಿಗೆ ವೈಜ್ಞಾನಿಕ ಗೌರವ ದಕ್ಕಿತು.

ಆದರೆ ಆ ಪ್ರಯೋಗದಲ್ಲಿ ಒಂದು ತೂತು ಇತ್ತು. ಯಾವ ಕೋತಿ ಎಕ್ಸಿಕ್ಯುಟಿವ್ ಆಗಬೇಕೆಂದು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ತಾಲೀಮಿನಲ್ಲಿ ಯಾವುದು ಬೇಗ ಬೇಗ ಲಿವರ್ ಒತ್ತಿತೋ ಅದಕ್ಕೇ ಆ ಹುದ್ದೆ. ಎಂದರೆ, ಮೊದಲೇ ಚಡಪಡಿಸುವ ಜೀವವನ್ನು ಆರಿಸಿ ಕೂರಿಸಿದಂತಾಗಿತ್ತು. ಹತ್ತು ವರ್ಷದ ಮೇಲೆ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇ ವೈಸ್ ಇಲಿಗಳ ಮೇಲೆ ಇಂಥದೇ ಪ್ರಯೋಗವನ್ನು, ಈ ಸಲ ಆಯ್ಕೆಯಲ್ಲಿ ಪಕ್ಷಪಾತವಿಲ್ಲದೆ, ಮಾಡಿದರು. ಫಲಿತಾಂಶ ತಿರುಗಿತು. ಎರಡೂ ಇಲಿಗಳಿಗೆ ತಗಲುತ್ತಿದ್ದ ಕರೆಂಟು ಒಂದೇ ಅಳತೆಯದು. ಆದರೆ ಅದನ್ನು ತಾನೇ ನಿಲ್ಲಿಸಬಲ್ಲ ಇಲಿಗೆ ಹುಣ್ಣು ಕಡಿಮೆ. ಏನೂ ಮಾಡಲಾಗದೆ ಪಕ್ಕದವನ ಕೈ ಕಾಯುತ್ತಾ ಕೂತ ಇಲಿಗೆ ಹೆಚ್ಚು. ಬ್ರೇಡಿಯವರ ಕೋತಿಗಳಿಗೆ ಸಿಕ್ಕ ಪ್ರಚಾರದ ಕಾಲು ಭಾಗವೂ ವೈಸ್ ಅವರ ಇಲಿಗಳಿಗೆ ಸಿಗಲಿಲ್ಲ.

ಮನುಷ್ಯರ ಲೆಕ್ಕವೂ ಒಂದು ಬಂದಿತ್ತು. ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಯಲ್ಲಿ ದುಡಿಯುತ್ತಿದ್ದ 2,70,000 ಗಂಡಸರ ದಾಖಲೆಗಳನ್ನು ಲಾರೆನ್ಸ್ ಹಿಂಕಲ್ ಮತ್ತವರ ಸಂಗಡಿಗರು ಜಾಲಾಡಿ 1968ರಲ್ಲಿ ಪ್ರಕಟಿಸಿದರು. ಬಡ್ತಿ ಪಡೆದು ಮೇಲೇರಿದವರಿಗೆ ಹೃದ್ರೋಗ ಹೆಚ್ಚಿರಲಿಲ್ಲ. ಇಷ್ಟಾದರೂ ಸಾಹುಕಾರರ ಕಾಯಿಲೆ ಎಂಬ ಮಾತು ಅಳಿಯಲಿಲ್ಲ. ಅದು ಅಲುಗಾಡಬೇಕಾದರೆ ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ಒಂದಷ್ಟು ಜನ ಸಾಯಬೇಕಾಯಿತು.

ವೈಟ್‌ಹಾಲ್ ಎಂಬುದು ಲಂಡನ್ನಿನ ಒಂದು ರಸ್ತೆ. ಬ್ರಿಟಿಷ್ ಸರ್ಕಾರದ ದೊಡ್ಡ ಇಲಾಖೆಗಳು ಅದರ ಅಕ್ಕಪಕ್ಕ ಇರುವುದರಿಂದ, ನಾವು 'ವಿಧಾನಸೌಧ ಹೀಗೆ ಹೇಳಿತು' ಎನ್ನುವ ಹಾಗೆ ಅವರು ಸರ್ಕಾರಿ ಯಂತ್ರಕ್ಕೇ ವೈಟ್‌ಹಾಲ್ ಎಂದುಬಿಡುತ್ತಾರೆ. 1967ರಲ್ಲಿ ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಸ್ತ್ರದ ಶಾಲೆಯ ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ ಅಲ್ಲಿನ ನೌಕರರನ್ನು ತಪಾಸಣೆ ಮಾಡಲು ಶುರುಮಾಡಿದರು. ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಗಳ ಮೂಲ ಹುಡುಕುವುದು ಉದ್ದೇಶ. ನೌಕರರನ್ನು ಆರಿಸಿಕೊಂಡದ್ದರ ಹಿಂದೆ ಅನುಕೂಲದ ಲೆಕ್ಕಾಚಾರವಿತ್ತು. ಅವರು ಒಂದೇ ಊರಿನಲ್ಲಿ ಸಿಗುತ್ತಾರೆ, ಕೆಲಸ ಬಿಟ್ಟು ಓಡಿಹೋಗುವುದಿಲ್ಲ, ದಾಖಲೆಗಳು ಅಚ್ಚುಕಟ್ಟು. ಸುಮಾರು 18,000 ಗಂಡಸರ ಎತ್ತರ, ತೂಕ, ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಎಲ್ಲವನ್ನೂ ಬರೆದಿಟ್ಟುಕೊಂಡರು. ಬೀಡಿ-ಸಿಗರೇಟಿನ ಲೆಕ್ಕ ಕೇಳಿದರು. ಆಮೇಲೆ ಕಾದರು. ಇಂಥ ಅಧ್ಯಯನದ ದೊಡ್ಡ ಕೆಲಸವೇ ಕಾಯುವುದು. ಯಾರಾದರೂ ತೀರಿಕೊಂಡರೆ ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆ ವಿಭಾಗದಿಂದ ಮರಣದ ಕಾರಣ ಬಂದು ಸೇರುತ್ತಿತ್ತು.

ನೌಕರರು ತುಂಬಿಕೊಟ್ಟ ಅರ್ಜಿಯಲ್ಲಿ ಇನ್ನೊಂದು ಕಲಮು ಇತ್ತು: ನೌಕರಿಯ ದರ್ಜೆ. ಅದರ ಮೇಲೆ ಯಾರಿಗೂ ವಿಶೇಷ ಆಸ್ಥೆ ಇರಲಿಲ್ಲ. ಸರ್ಕಾರಿ ಅರ್ಜಿ ಎಂದ ಮೇಲೆ ದರ್ಜೆ ಬರೆಯಲೇಬೇಕಲ್ಲ!

1976ರಲ್ಲಿ ಈ ರಾಶಿ ದಾಖಲೆಗಳ ಮುಂದೆ ಬಂದು ಕೂತವರು ಮೈಕೆಲ್ ಮಾರ್ಮಟ್. ಲಂಡನ್ನಿನಲ್ಲಿ ಹುಟ್ಟಿ, ಸಿಡ್ನಿಯಲ್ಲಿ ಬೆಳೆದು, ಅಲ್ಲೇ ವೈದ್ಯಕೀಯ ಓದಿ, ಬರ್ಕ್ಲಿಯಲ್ಲಿ ಪಿಎಚ್‌.ಡಿ. ಮುಗಿಸಿ ಬಂದಿದ್ದ ಮೂವತ್ತರ ಆಸುಪಾಸಿನ ಡಾಕ್ಟರು. ಬರ್ಕ್ಲಿಯಲ್ಲಿ ಲಿಯೊನಾರ್ಡ್ ಸೈಮ್ ಅವರ ಕೈಕೆಳಗೆ ಅವರು ನೋಡಿದ್ದು ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಪಾನೀಯರನ್ನು. ಜಪಾನಿನಲ್ಲಿ ಹೃದ್ರೋಗ ಅಪರೂಪ. ವಲಸೆ ಬಂದವರಲ್ಲಿ ಏರುತ್ತದೆ. ಆದರೆ ಅಲ್ಲಿಯೂ ತಮ್ಮವರ ನಡುವೆ, ತಮ್ಮ ರೀತಿ ರಿವಾಜು ಉಳಿಸಿಕೊಂಡವರಲ್ಲಿ ಅಷ್ಟಾಗಿ ಏರಿರಲಿಲ್ಲ. ಊಟ, ಸಿಗರೇಟು, ಬಿ.ಪಿ. ಎಲ್ಲ ಕಳೆದು ನೋಡಿದರೂ ಆ ಅಂತರ ಉಳಿಯುತ್ತಿತ್ತು. ಹೃದಯಕ್ಕೆ ಕೊಬ್ಬಿನ ಹೊರತಾಗಿ ಬೇರೇನೋ ತಾಗುತ್ತದೆ ಎಂಬ ಗುಮಾನಿಯನ್ನು ಅವರು ಲಂಡನ್ನಿಗೆ ಜೊತೆಯಲ್ಲೇ ತಂದಿದ್ದರು. ಹಾಗಾಗಿ ಬೇರೆಯವರು ಬಿಟ್ಟು ಮುಂದೆ ಹೋಗುತ್ತಿದ್ದ ದರ್ಜೆಯ ಕಲಮಿನ ಮೇಲೆ ಅವರ ಕಣ್ಣು ನಿಂತಿತು.

ಬ್ರಿಟಿಷ್ ನೌಕರಶಾಹಿಯ ಏಣಿಯನ್ನು ನಮ್ಮವರಿಗೆ ವಿವರಿಸುವ ಕಷ್ಟವಿಲ್ಲ, ನಾವು ಅದನ್ನೇ ಇಟ್ಟುಕೊಂಡಿದ್ದೇವೆ. ಎಲ್ಲಕ್ಕಿಂತ ಮೇಲೆ ಇಲಾಖೆ ನಡೆಸುವ ಆಡಳಿತಾಧಿಕಾರಿಗಳು. ಅದರ ಕೆಳಗೆ ಕಾರ್ಯನಿರ್ವಾಹಕರು, ತಜ್ಞರು. ಅದರ ಕೆಳಗೆ ಗುಮಾಸ್ತರು. ಕೊನೆಗೆ ಕಾಗದಪತ್ರ ಒಯ್ಯುವ ಜವಾನರು, ಬಾಗಿಲು ಕಾಯುವವರು. 1978ರಲ್ಲಿ ಮಾರ್ಮಟ್, ರೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಲ್ಲಿ 17,530 ನೌಕರರ ಏಳೂವರೆ ವರ್ಷದ ಲೆಕ್ಕವಿತ್ತು. ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಜವಾನರಲ್ಲಿ 3.6 ಪಟ್ಟು.

ಕೆಳಗಿನವರು ಹೆಚ್ಚು ಸಾಯುತ್ತಾರೆ ಎಂಬುದಷ್ಟೇ ಆಗಿದ್ದರೆ ಬಡತನ ಎಂದು ಷರಾ ಬರೆದು ಕಡತ ಮುಚ್ಚಬಹುದಿತ್ತು. ಮುಚ್ಚಲು ಬಿಡದ ಸಂಗತಿ ನಡುವಿನ ಮೆಟ್ಟಿಲುಗಳಲ್ಲಿತ್ತು. ಎರಡನೆಯ ದರ್ಜೆಯವರು ಮೊದಲನೆಯವರಿಗಿಂತ ಹೆಚ್ಚು ಸಾಯುತ್ತಿದ್ದರು, ಗುಮಾಸ್ತರು ಎರಡನೆಯವರಿಗಿಂತ ಹೆಚ್ಚು, ಜವಾನರು ಗುಮಾಸ್ತರಿಗಿಂತ ಹೆಚ್ಚು. ಎರಡನೆಯ ದರ್ಜೆಯ ಅಧಿಕಾರಿ ಬಡವನೇನಲ್ಲ. ಆತನಿಗೆ ಸ್ವಂತ ಮನೆ ಇದ್ದೀತು, ತಿಂಗಳ ಸಂಬಳ, ಪಿಂಚಣಿ ಇದೆ, ಕಾಯಿಲೆಯಾದರೆ ಜವಾನನಿಗೂ ಕಾರ್ಯದರ್ಶಿಗೂ ಒಂದೇ ಎಂಬಂಥ ಸರ್ಕಾರಿ ಆಸ್ಪತ್ರೆ ಇದೆ. ಇವರಲ್ಲಿ ಯಾರೂ ಗಣಿಗೆ ಇಳಿದವರಲ್ಲ, ಸೀಸದ ಹೊಗೆ ಕುಡಿದವರಲ್ಲ. ಒಂದೇ ಊರಿನ, ಒಂದೇ ಯಜಮಾನನ ಕೈಕೆಳಗೆ ಕೂತು ಕೆಲಸ ಮಾಡುವ ಜನ. ಆದರೂ ಏಣಿಯ ಒಂದೊಂದು ಮೆಟ್ಟಿಲಿಗೂ ಆಯಸ್ಸು ಒಂದಿಷ್ಟು ಇಳಿಯುತ್ತಿತ್ತು.

ಸಿಗರೇಟಿನ ಮೇಲೆ ಹೊರಿಸಬಹುದೆ? ಕೆಳಗಿನವರು ಹೆಚ್ಚು ಸೇದುತ್ತಿದ್ದುದು ನಿಜ. ಅವರ ಬಿ.ಪಿ.ಯೂ ಹೆಚ್ಚಿತ್ತು, ಬಿಡುವಿನ ವೇಳೆಯ ವ್ಯಾಯಾಮ ಕಡಿಮೆ ಇತ್ತು. ಅವರು ಕುಳ್ಳಗೂ ಇದ್ದರು. ಬಾಲ್ಯದಲ್ಲಿ ತಿಂದ ಅನ್ನದ ಲೆಕ್ಕ ಅದು. ಇವೆಲ್ಲವನ್ನೂ ಕಳೆದು ನೋಡಿದಾಗಲೂ ದರ್ಜೆಗೂ ಸಾವಿಗೂ ಇದ್ದ ನಂಟು ಬಲವಾಗಿಯೇ ಉಳಿಯಿತು. ಜನ್ಮದಲ್ಲಿ ಸಿಗರೇಟು ಮುಟ್ಟದವರನ್ನು ಮಾತ್ರ ಬೇರ್ಪಡಿಸಿ ನೋಡಿದರೂ ಅದೇ ಇಳಿಜಾರು. ಕೊಲೆಸ್ಟರಾಲ್ ಅಂತೂ ಮೇಲಿನ ದರ್ಜೆಯವರಲ್ಲೇ ತುಸು ಜಾಸ್ತಿ ಇತ್ತು. ಗೌನು ತೊಟ್ಟ ಸಾಹುಕಾರರ ಪರವಾಗಿ ಉಳಿದ ಸಾಕ್ಷಿ ಅದೊಂದೇ.

ಹಾಗಾದರೆ ಮಿಕ್ಕದ್ದು ಏನು? ಮೊದಲ ಅಧ್ಯಯನದ ಕಪಾಟಿನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ನೌಕರರಿಗೆ ಕೇಳಿರಲಿಲ್ಲವಲ್ಲ.

ಉತ್ತರದ ಎಳೆ ಬಂದದ್ದು ಬೇರೆ ದಿಕ್ಕಿನಿಂದ. ಅಮೆರಿಕದ ರಾಬರ್ಟ್ ಕರಸೆಕ್ ವೈದ್ಯರಲ್ಲ. ವಾಸ್ತುಶಿಲ್ಪ ಓದಿ ಆಮೇಲೆ ಕೆಲಸದ ಸಮಾಜಶಾಸ್ತ್ರಕ್ಕೆ ಹೊರಳಿದವರು. 1979ರಲ್ಲಿ ಅವರು ಆಡಳಿತಶಾಸ್ತ್ರದ ಪತ್ರಿಕೆಯೊಂದರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಸಮೀಕ್ಷೆಗಳನ್ನು ಹಿಡಿದು ಒಂದು ಸರಳ ಮಾತು ಹೇಳಿದರು. ಕೆಲಸದ ಹೊರೆಯೊಂದನ್ನೇ ಅಳೆದರೆ ಸಾಲದು, ಆ ಹೊರೆಯನ್ನು ಹೇಗೆ ಹೊರಬೇಕು ಎಂದು ತೀರ್ಮಾನಿಸುವ ಅಧಿಕಾರ ಹೊತ್ತವನಿಗಿದೆಯೆ ಎಂದೂ ಅಳೆಯಬೇಕು. ಹೊರೆಯೂ ಹೆಚ್ಚು, ಅಧಿಕಾರವೂ ಹೆಚ್ಚು ಎಂದಾದರೆ ಮನುಷ್ಯ ಬಳಲಿದರೂ ಬೆಳೆಯುತ್ತಾನೆ. ಹೊರೆ ಹೆಚ್ಚಿದ್ದು ಅಧಿಕಾರ ಸೊನ್ನೆ ಎಂದಾದರೆ ಮೈ ಕೆಡುತ್ತದೆ. ವೈಸ್ ಅವರ ಇಲಿಗಳು ಹೇಳಿದ್ದೂ ಇದನ್ನೇ. ಆಮೇಲೆ ಸ್ವೀಡನ್ನಿನ ವೈದ್ಯ ತೋರೆಸ್ ತಿಯೊರೆಲ್ ಜೊತೆ ಸೇರಿ ಕರಸೆಕ್ ಇದನ್ನು ಹೃದ್ರೋಗದವರೆಗೂ ಎಳೆದು ತಂದರು.

ಮಾರ್ಮಟ್ 1985ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದು ಎರಡನೆಯ ವೈಟ್‌ಹಾಲ್ ಅಧ್ಯಯನ ಶುರುಮಾಡಿದಾಗ ಕರಸೆಕ್ ಅವರ ಪ್ರಶ್ನೆಗಳನ್ನು ಅರ್ಜಿಗೆ ಸೇರಿಸಿದರು. ಈ ಸಲ 20 ಇಲಾಖೆಗಳಿಂದ 10,308 ಮಂದಿ, 35ರಿಂದ 55 ವಯಸ್ಸಿನವರು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರು. ಮೊದಲ ಅಧ್ಯಯನದಲ್ಲಿ ಹೆಂಗಸರನ್ನು ಸೇರಿಸಿಯೇ ಇರಲಿಲ್ಲ. ಆ ಕಾಲದ ಹೃದಯ ಸಂಶೋಧನೆಯ ತುಂಬ ಗಂಡಸರ ಹೃದಯಗಳೇ ಇದ್ದವು ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಇಪ್ಪತ್ತು ವರ್ಷ ಕಳೆದಿತ್ತು, ಬ್ರಿಟನ್ ಬದಲಾಗಿತ್ತು. ಇಳಿಜಾರು ಇದ್ದ ಹಾಗೇ ಇತ್ತು. 1991ರಲ್ಲಿ ಅದನ್ನು ಪ್ರಕಟಿಸಿದರು. ಕಾರಣದ ಬಗ್ಗೆ ದೊಡ್ಡ ಹೇಳಿಕೆ ಬಂದದ್ದು 1997ರಲ್ಲಿ, ಹ್ಯಾನ್ಸ್ ಬೊಸ್ಮಾ ಮತ್ತು ಮಾರ್ಮಟ್ ತಂಡದ ಲೇಖನಗಳಲ್ಲಿ. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲ ಎಂದು ಎರಡೆರಡು ಸಲ, ವರ್ಷಗಳ ಅಂತರದಲ್ಲಿ, ಹೇಳಿದವರಿಗೆ ಹೃದ್ರೋಗದ ಅಪಾಯ ಹಿಡಿತವಿರುವವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ದರ್ಜೆದರ್ಜೆಗಳ ನಡುವಿನ ಅಂತರದಲ್ಲಿ ತೂಗಿ ನೋಡಿದ ಅಂಶಗಳ ಪೈಕಿ ಅತಿ ದೊಡ್ಡ ಪಾಲು ಈ ಹಿಡಿತದ ಕೊರತೆಯದು.

ಇಲ್ಲಿ ಯಾವ ಓದುಗನಾದರೂ ಒಂದು ಆಕ್ಷೇಪ ಎತ್ತುತ್ತಾನೆ, ಎತ್ತಬೇಕು. ಕೆಲವರು ಹುಟ್ಟಾ ಗೊಣಗುವವರು. ಅವರಿಗೆ ಕೆಲಸವೂ ಸರಿಯಿಲ್ಲ, ಕಾಫಿಯೂ ಸರಿಯಿಲ್ಲ, ಎದೆಯೂ ಸರಿಯಿಲ್ಲ. ಅಂಥವರ ಮಾತು ಕಟ್ಟಿಕೊಂಡು ಸಿದ್ಧಾಂತ ಮಾಡಬಹುದೆ? ಸಂಶೋಧಕರು ಇದಕ್ಕೆ ಮಾಡಿಕೊಂಡಿದ್ದ ಏರ್ಪಾಡು ನನಗೆ ಈ ಇಡೀ ಕತೆಯಲ್ಲೇ ಹೆಚ್ಚು ಮೆಚ್ಚುಗೆಯಾದದ್ದು. ಅವರು ಇಲಾಖೆಗಳ ಸಿಬ್ಬಂದಿ ವಿಭಾಗದ ಅಧಿಕಾರಿಗಳನ್ನು, ಎಂದರೆ ಇಂದು ಎಚ್‌.ಆರ್. ಎನ್ನುವವರನ್ನು, ಬೇರೆಯಾಗಿ ಕೇಳಿದ್ದರು: ಈ ಹುದ್ದೆಯಲ್ಲಿ ಕೂತವರಿಗೆ ಕೆಲಸದ ಮೇಲೆ ಎಷ್ಟು ಹಿಡಿತವಿರುತ್ತದೆ, ಅಂಕ ಕೊಡಿ. ಅಲ್ಲಿ ಕೂತ ಮನುಷ್ಯನ ಗೊಣಗಾಟಕ್ಕೂ ಈ ಅಂಕಕ್ಕೂ ಸಂಬಂಧವಿಲ್ಲ. ಹಾಗೆ ಕೊಟ್ಟ ಅಂಕವೂ ಹೃದ್ರೋಗದ ಕಡೆಗೇ ಬೆರಳು ಮಾಡಿತು. ಗೊಣಗುವವನ ಮಾತು ಸುಳ್ಳಾಗಿರಲಿಲ್ಲ.

ನಡುವೆ ಯಾರೂ ಬೇಕೆಂದು ಮಾಡದ ಒಂದು ಪ್ರಯೋಗವೂ ನಡೆದುಹೋಯಿತು. ಅಧ್ಯಯನದಲ್ಲಿದ್ದ ಇಲಾಖೆಗಳಲ್ಲೊಂದು ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವಂಥದು. ಅದನ್ನು ಖಾಸಗಿಯವರಿಗೆ ಮಾರುವುದೆಂದು ಸರ್ಕಾರ ತೀರ್ಮಾನಿಸಿತು. ಮಾರುವ ಮೊದಲೇ, ಒಬ್ಬನ ಕುರ್ಚಿಯೂ ಅಲುಗುವ ಮೊದಲೇ, ಬರೀ ಸುದ್ದಿಗೆ ಆ ನೌಕರರ ಆರೋಗ್ಯ ಉಳಿದ ಇಲಾಖೆಗಳವರಿಗಿಂತ ಕುಸಿದದ್ದನ್ನು ಜೇನ್ ಫೆರಿ ಮತ್ತು ಸಂಗಡಿಗರು 1995ರಲ್ಲಿ ದಾಖಲಿಸಿದರು. ನಮ್ಮಲ್ಲಿ ಕಾರ್ಖಾನೆಗಳ ಷೇರು ವಿಕ್ರಯದ ಸುದ್ದಿ ಬಂದಾಗ ಕ್ಯಾಂಟೀನಿನಲ್ಲಿ ಕವಿಯುವ ಮೌನವನ್ನು ಕಂಡವರಿಗೆ ಇದು ಸೋಜಿಗವಲ್ಲ.

ಇಲ್ಲಿಯವರೆಗಿನ ಕತೆಯಲ್ಲಿ ಮೇಲಧಿಕಾರಿ ಕಾಣಿಸಿಯೇ ಇಲ್ಲ. ಹುದ್ದೆ, ದರ್ಜೆ, ಹಿಡಿತ ಎಂದೆಲ್ಲ ಮಾತಾಡಿದ್ದಾಯಿತು. ಆದರೆ ನೌಕರನಿಗೆ ಹಿಡಿತ ಕೊಡುವವನೂ ಕಿತ್ತುಕೊಳ್ಳುವವನೂ ಯಾರು? ರಜೆ ಅರ್ಜಿಗೆ ಸಹಿ ಹಾಕುವವನು, ಎಲ್ಲರೆದುರು ಕಡತ ಎಸೆಯುವವನು, ಇಲ್ಲವೇ 'ನೀವೇ ನೋಡಿ ಮಾಡಿ, ಏನಾದರೂ ಆದರೆ ನಾನಿದ್ದೇನೆ' ಎನ್ನುವವನು. ಈ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಂಡವರು ಫಿನ್‌ಲೆಂಡಿನವರು. ಮಿಕಾ ಕಿವಿಮಾಕಿ ಮತ್ತು ಜೊತೆಗಾರರು ಮೊದಲು ತಮ್ಮ ದೇಶದ ಆಸ್ಪತ್ರೆ ಸಿಬ್ಬಂದಿಯಲ್ಲಿ, ಮೇಲಿನವರು ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೆ ಎಂಬುದಕ್ಕೂ ಕೆಳಗಿನವರ ಆರೋಗ್ಯಕ್ಕೂ ನಂಟಿರುವುದನ್ನು ಕಂಡರು. ಆಮೇಲೆ ಕಿವಿಮಾಕಿ ಅದೇ ಕಣ್ಣಿನಿಂದ ಎರಡನೆಯ ವೈಟ್‌ಹಾಲ್ ಅಧ್ಯಯನದ ದಾಖಲೆಗಳನ್ನು ನೋಡಿದರು.

ಅರ್ಜಿಯಲ್ಲಿ ಆಗಲೇ ಐದು ಪ್ರಶ್ನೆಗಳಿದ್ದವು. ನಿಮ್ಮನ್ನು ಅನ್ಯಾಯವಾಗಿ ಟೀಕಿಸುತ್ತಾರೆಯೆ? ಮೇಲಿನವರಿಂದ ನಿಮಗೆ ಸಾಕಷ್ಟು ಮಾಹಿತಿ ಸಿಗುತ್ತದೆಯೆ? ಸಿಗುವ ಮಾಹಿತಿ ಇವತ್ತೊಂದು ನಾಳೆಯೊಂದು ಆಗದೆ ಒಂದೇ ರೀತಿ ಇರುತ್ತದೆಯೆ? ನಿಮ್ಮ ತೊಂದರೆ ಹೇಳಿಕೊಂಡರೆ ಮೇಲಧಿಕಾರಿ ಕಿವಿಗೊಡುತ್ತಾರೆಯೆ? ಒಳ್ಳೆಯ ಕೆಲಸಕ್ಕೆ ಯಾವಾಗಲಾದರೂ ಶಹಬ್ಬಾಸ್ ಎನ್ನುತ್ತಾರೆಯೆ?

ಪ್ರಶ್ನೆಗಳು ಇಷ್ಟೇ. ಇದರಲ್ಲಿ ಮ್ಯಾನೇಜ್‌ಮೆಂಟ್ ಗುರುಗಳು ಹೇಳುವ ದಾರ್ಶನಿಕ ನಾಯಕತ್ವವಿಲ್ಲ, ಪರಿವರ್ತನೆಯ ಹರಿಕಾರತನವಿಲ್ಲ. ಮನೆಯಲ್ಲಿ ಹಿರಿಯರಾದವರಿಂದ ನಾವು ಬಯಸುವಷ್ಟು ಮರ್ಯಾದೆ ಇದೆ, ಅಷ್ಟೇ. 6,442 ಗಂಡಸರನ್ನು ಸರಾಸರಿ 8.7 ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನ್ಯಾಯವಾಗಿ ನಡೆಸಿಕೊಂಡರು ಎಂದವರಿಗೆ ಹೃದ್ರೋಗದ ಅಪಾಯ ಉಳಿದವರಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ವಯಸ್ಸು, ದರ್ಜೆ, ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಎಲ್ಲವನ್ನೂ ಗಣನೆಗೆ ತೆಗೆದುಕೊಂಡ ಮೇಲೂ ಆ ಅಂತರ ಉಳಿಯಿತು.

ಇದಕ್ಕಿಂತ ಎರಡು ವರ್ಷ ಮೊದಲು ಬ್ರಿಟನ್ನಿನಲ್ಲೇ ಒಂದು ಪುಟ್ಟ ಅಧ್ಯಯನ ನಡೆದಿತ್ತು. ಗಾತ್ರದಲ್ಲಿ ವೈಟ್‌ಹಾಲಿನ ಮುಂದೆ ಏನೂ ಅಲ್ಲ; ಒಟ್ಟು 28 ಹೆಂಗಸರು, ಎಲ್ಲರೂ ರೋಗಿಗಳ ಆರೈಕೆಯ ಸಹಾಯಕಿಯರು. ಅವರಲ್ಲಿ ಕೆಲವರಿಗೆ ಒಂದೇ ಜಾಗದಲ್ಲಿ ಬೇರೆ ಬೇರೆ ದಿನ ಬೇರೆ ಬೇರೆ ಮೇಲ್ವಿಚಾರಕರು ಬರುತ್ತಿದ್ದರು, ಒಬ್ಬರು ಇವರಿಗೆ ಹಿಡಿಸುವವರು, ಇನ್ನೊಬ್ಬರು ಹಿಡಿಸದವರು. ಸಂಶೋಧಕರು ಅವರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಕೆಲಸದ ಹೊತ್ತಿನುದ್ದಕ್ಕೂ ಅದು ತಾನಾಗಿ ಅಳೆಯುವಂತೆ ಮಾಡಿದರು. ಹಿಡಿಸದವರ ಪಾಳಿಯ ದಿನ ಬಿ.ಪಿ.ಯ ಮೇಲಿನ ಅಂಕಿ 15, ಕೆಳಗಿನ ಅಂಕಿ 7ರಷ್ಟು ಹೆಚ್ಚು. ಮಾಡಿದ ಕೆಲಸ ಅದೇ, ಬಂದ ಸಂಬಳ ಅದೇ, ಮೈಯೂ ಅದೇ. ಬದಲಾದದ್ದು ಮೇಲ್ವಿಚಾರಕರು. ಬಿ.ಪಿ. ಮಾತ್ರೆ ನುಂಗುವ ಯಾರನ್ನಾದರೂ ಕೇಳಿ, 15 ಎಂದರೆ ಏನೆಂದು ಹೇಳುತ್ತಾರೆ. ಇಪ್ಪತ್ತೆಂಟು ಜನರ ಲೆಕ್ಕದಿಂದ ಜಗತ್ತಿನ ಸತ್ಯ ಹೇಳಲಾಗುವುದಿಲ್ಲ, ಒಪ್ಪೋಣ. ಆದರೂ ಸಾವಿರಾರು ಜನರ ಅರ್ಜಿಗಳಲ್ಲಿ ಕಾಣದ ಒಂದು ನೋಟ ಇಲ್ಲಿದೆ: ಅಧಿಕಾರಿ ಕೋಣೆಗೆ ಬರುತ್ತಿದ್ದಂತೆ ರಕ್ತನಾಳ ಏನು ಮಾಡುತ್ತದೆ ಎಂಬುದು.

2009ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಅನ್ನಾ ನಿಬರ್ಗ್ ಮತ್ತು ಸಂಗಡಿಗರು ಸ್ಟಾಕ್‌ಹೋಮಿನ 3,122 ಗಂಡಸರ ಕತೆ ಮುಂದಿಟ್ಟರು. ಇವರ ಅರ್ಜಿಯಲ್ಲಿ ಮೇಲಧಿಕಾರಿಯ ಬಗ್ಗೆ ನೇರ ಪ್ರಶ್ನೆಗಳಿದ್ದವು. ನನಗೆ ಬೇಕಾದ ಮಾಹಿತಿ ಕೊಡುತ್ತಾರೆ, ನನ್ನ ಪಾಲಿನ ಕೆಲಸದ ಗುರಿ ಏನೆಂದು ತಿಳಿಯುವಂತೆ ವಿವರಿಸುತ್ತಾರೆ, ನಾನು ಹೇಗಿದ್ದೇನೆ ಎಂದು ವಿಚಾರಿಸಿಕೊಳ್ಳುತ್ತಾರೆ, ನನ್ನ ಹೊಣೆಗೆ ತಕ್ಕ ಅಧಿಕಾರ ನನಗಿದೆ, ಹೀಗೆ. ಹತ್ತು ವರ್ಷದ ಹತ್ತಿರ ಕಾದು ನೋಡಿದಾಗ, ಮೇಲಧಿಕಾರಿಗೆ ಒಳ್ಳೆಯ ಅಂಕ ಕೊಟ್ಟವರಿಗೆ ಹೃದಯದ ತೊಂದರೆ ಕಡಿಮೆ. ಅಂಥವರ ಕೈಕೆಳಗೆ ಹೆಚ್ಚು ವರ್ಷ ದುಡಿದಷ್ಟೂ ಆ ನಂಟು ಬಲವಾಗುತ್ತಿತ್ತು. ಔಷಧದ ಪರೀಕ್ಷೆಯಲ್ಲಿ ಪ್ರಮಾಣ ಹೆಚ್ಚಿದಂತೆ ಪರಿಣಾಮ ಹೆಚ್ಚಿದರೆ ಸಂಶೋಧಕರ ಕಿವಿ ನಿಮಿರುತ್ತದೆ. ಇಲ್ಲೂ ಹಾಗೇ ಆಯಿತು.

ಈಗ ಲಗಾಮು ಎಳೆಯಬೇಕು, ಏಕೆಂದರೆ ಇಂಥ ಸುದ್ದಿ ಪತ್ರಿಕೆಗೆ ಹೋದಾಗ 'ಕೆಟ್ಟ ಬಾಸ್ ನಿಮ್ಮನ್ನು ಕೊಲ್ಲುತ್ತಾನೆ' ಎಂಬ ತಲೆಬರಹವಾಗಿಬಿಡುತ್ತದೆ. 2012ರಲ್ಲಿ ಕಿವಿಮಾಕಿಯವರೇ ಮುಂದೆ ನಿಂತು ಯೂರೋಪಿನ 13 ಅಧ್ಯಯನಗಳ 1,97,473 ಜನರ ಮಾಹಿತಿಯನ್ನು ಒಟ್ಟುಗೂಡಿಸಿದರು. ಹೊರೆ ಹೆಚ್ಚು, ಹಿಡಿತ ಕಡಿಮೆ ಎಂಬ ಸ್ಥಿತಿಯಲ್ಲಿದ್ದವರಿಗೆ ಹೃದ್ರೋಗದ ಅಪಾಯ 1.23 ಪಟ್ಟು ಬಂತು. 1997ರ ಎರಡು ಪಟ್ಟಿನ ಮುಂದೆ ಇದು ಸಣ್ಣದು. ಆ ಒತ್ತಡವನ್ನು ಪೂರ್ತಿ ಅಳಿಸಿದರೂ ಒಟ್ಟು ಹೃದ್ರೋಗದಲ್ಲಿ ತಪ್ಪುವುದು ಶೇ. 3.4ರಷ್ಟು, ಸಿಗರೇಟಿನ ಪಾಲು ಅದರ ಹತ್ತು ಪಟ್ಟು. ಬಾಸ್ ಸರಿಯಿಲ್ಲ ಎಂದು ಹೊರಗೆ ಹೋಗಿ ಸಿಗರೇಟು ಹಚ್ಚುವವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿಕೊಳ್ಳಬೇಕು. ಇನ್ನೊಂದು ಮಿತಿಯೂ ಇದೆ. ಈವರೆಗೆ ಹೇಳಿದ್ದೆಲ್ಲ ನೋಡಿ ಬರೆದಿಟ್ಟ ಲೆಕ್ಕ. ಒಂದಷ್ಟು ಜನರಿಗೆ ಒಳ್ಳೆಯ ಅಧಿಕಾರಿ, ಇನ್ನೊಂದಷ್ಟು ಜನರಿಗೆ ಕೆಟ್ಟ ಅಧಿಕಾರಿ ಎಂದು ಚೀಟಿ ಎತ್ತಿ ಹಂಚಿ ಹತ್ತು ವರ್ಷ ಕಾಯಲು ಯಾವ ಕಂಪನಿ ಒಪ್ಪುತ್ತದೆ? ಬ್ರೇಡಿಯವರ ಕೋತಿಗಳ ಪಾಠ ಮರೆಯುವಂತಿಲ್ಲ. ಆಯ್ಕೆಯೇ ವಾಲಿದ್ದರೆ ಫಲಿತಾಂಶವೂ ವಾಲುತ್ತದೆ.

ಚೀಟಿ ಎತ್ತುವ ಕೆಲಸ ಕಡೆಗೂ ಸ್ವಲ್ಪ ಮಟ್ಟಿಗೆ ಆಯಿತು. ಹಾರ್ವರ್ಡಿನ ಲಿಸಾ ಬರ್ಕ್‌ಮನ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಆರ್ಫ್ಯೂ ಬಕ್ಸ್‌ಟನ್ ಮೊದಲಾದವರು ಅಮೆರಿಕದ ಎರಡು ಕಡೆ ಪ್ರಯೋಗ ನಡೆಸಿದರು. ಒಂದು ಐಟಿ ಕಂಪನಿ, ಇನ್ನೊಂದು ವೃದ್ಧರ ಶುಶ್ರೂಷೆಯ ಸಂಸ್ಥೆ. ಕೆಲವು ತಂಡಗಳನ್ನು ಚೀಟಿಯ ಮೂಲಕ ಆರಿಸಿ, ಅಲ್ಲಿನ ಮೇಲ್ವಿಚಾರಕರಿಗೆ ಕೈಕೆಳಗಿನವರ ಮನೆವಾರ್ತೆಗೂ ಕೆಲಸಕ್ಕೂ ಬೆಂಬಲವಾಗಿ ನಿಲ್ಲುವ ತರಬೇತಿ ಕೊಟ್ಟರು. ತಮ್ಮ ಕೆಲಸದ ವೇಳೆಯನ್ನು ತಾವೇ ಹೊಂದಿಸಿಕೊಳ್ಳಲು ನೌಕರರಿಗೆ ದಾರಿ ಮಾಡಿದರು. ಉಳಿದ ತಂಡಗಳು ಇದ್ದಂತೆ ನಡೆದವು. ಒಂದು ವರ್ಷದ ಮೇಲೆ ರಕ್ತ, ಬಿ.ಪಿ., ತೂಕ ನೋಡಿದರು. 2023ರಲ್ಲಿ ಬಂದ ವರದಿಯ ಪ್ರಕಾರ ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಮೊದಲೇ ಹೃದಯದ ಅಪಾಯ ಹೆಚ್ಚಿದ್ದವರಲ್ಲಿ ಆ ಅಪಾಯ ಇಳಿದಿತ್ತು, ವಯಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಐಟಿಯವರಲ್ಲಿ ಐದೂವರೆ ವರ್ಷ, ಶುಶ್ರೂಷೆಯವರಲ್ಲಿ ಹತ್ತು ವರ್ಷ ಹಿಂದಕ್ಕೆ ಹೋದಷ್ಟು. ಹೆಚ್ಚು ಲಾಭವಾದದ್ದು ಕಡಿಮೆ ಸಂಬಳದ, ರೋಗಿಗಳ ಪಕ್ಕೆ ತಿರುಗಿಸುವ ಕೆಲಸದವರಿಗೆ ಎಂಬುದನ್ನು ಗಮನಿಸಬೇಕು.

ಇದರ ಎದುರಿಗೆ ಇನ್ನೊಂದು ಪ್ರಯೋಗವನ್ನಿಟ್ಟು ನೋಡಿ. ಅಮೆರಿಕದ ಒಂದು ಸಗಟು ಅಂಗಡಿ ಸರಣಿಯ 160 ಮಳಿಗೆಗಳಲ್ಲಿ, ಸುಮಾರು 33,000 ನೌಕರರ ನಡುವೆ, ನಾವೆಲ್ಲ ಬಲ್ಲ ಮಾದರಿಯ 'ವೆಲ್‌ನೆಸ್' ಕಾರ್ಯಕ್ರಮವನ್ನು ಚೀಟಿಯ ಮೂಲಕವೇ ಹಂಚಿದರು. ಆಹಾರದ ಪಾಠ, ವ್ಯಾಯಾಮ, ಒತ್ತಡ ನಿವಾರಣೆ ಎಲ್ಲ ಇತ್ತು. ಹದಿನೆಂಟು ತಿಂಗಳ ಮೇಲೆ ಜನ ವ್ಯಾಯಾಮ ಹೆಚ್ಚಿಸಿದ್ದೇವೆ ಎಂದು ಹೇಳಿಕೊಂಡರು. ಬಿ.ಪಿ., ಕೊಲೆಸ್ಟರಾಲ್, ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಝಿರುಯಿ ಸಾಂಗ್ ಮತ್ತು ಕ್ಯಾಥರೀನ್ ಬೈಕರ್ ಇದನ್ನು 2019ರಲ್ಲಿ ಪ್ರಕಟಿಸಿದರು. ಆದರೂ ಕಂಪನಿಗಳು ಕೊಳ್ಳುವುದು ಎರಡನೆಯ ಮಾದರಿಯನ್ನೇ. ಯೋಗದ ಚಾಪೆ ಹಾಸಿದರೆ ಯಾವ ಮ್ಯಾನೇಜರಿಗೂ ಮುಜುಗರವಾಗುವುದಿಲ್ಲ, ನೌಕರನ ಬೆನ್ನು ನೌಕರನೇ ಬಗ್ಗಿಸಬೇಕು. ಮೊದಲ ಮಾದರಿಯಲ್ಲಿ ಬಗ್ಗಬೇಕಾದವನು ಮ್ಯಾನೇಜರ್.

ಮಾರ್ಮಟ್ ಮುಂದೆ ಸರ್ ಮೈಕೆಲ್ ಆದರು. ಆರೋಗ್ಯದ ಸಾಮಾಜಿಕ ಕಾರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ನೇಮಿಸಿದ ಆಯೋಗಕ್ಕೆ ಅಧ್ಯಕ್ಷರಾದರು. ಅಮರ್ತ್ಯ ಸೇನ್, ಅಹಮದಾಬಾದಿನ 'ಸೇವಾ' ಎಂಬ ಸಂಘಟನೆಯ ಮಿರಾಯ್ ಚಟರ್ಜಿ ಅದರ ಸದಸ್ಯರಾಗಿದ್ದರು. ವೈಟ್‌ಹಾಲಿನ ಮೊದಲ ತಂಡದ ನೌಕರರನ್ನು 25 ವರ್ಷ ಹಿಂಬಾಲಿಸಿ ನೋಡಿದಾಗ, ದರ್ಜೆಯ ಅಂತರ ನಿವೃತ್ತಿಯ ನಂತರ ಸ್ವಲ್ಪ ತಗ್ಗಿತಾದರೂ ಹೋಗಿರಲಿಲ್ಲ. ಎರಡನೆಯ ತಂಡದವರಿಗೆ ವಯಸ್ಸಾದಂತೆ ಸಂಶೋಧಕರು ಅವರ ನೆನಪಿನ ಶಕ್ತಿಯ ಪರೀಕ್ಷೆಯನ್ನೂ ಮಾಡತೊಡಗಿದರು.

ಈ ಬರಹವನ್ನು ಎಚ್‌.ಆರ್. ವಿಭಾಗದಲ್ಲಿ ಕೂತವರು ಯಾರಾದರೂ ಓದುತ್ತಿದ್ದರೆ ಒಂದು ಕೋರಿಕೆ. ಕಿವಿಮಾಕಿ ಲೆಕ್ಕ ಹಾಕಿದ ಆ ಐದು ಪ್ರಶ್ನೆಗಳು ಅರ್ಧ ಹಾಳೆಯಲ್ಲಿ ಹಿಡಿಯುತ್ತವೆ, ಕೇಳಲು ಖರ್ಚಿಲ್ಲ. ಮುಂದಿನ ವಾರ್ಷಿಕ ಸಮೀಕ್ಷೆಯಲ್ಲಿ ಅವನ್ನು ಸೇರಿಸಿ. ಡ್ರೈವರು, ಜವಾನರು, ಗುತ್ತಿಗೆಯ ಮೇಲೆ ಬಂದವರು, ಕಸ ಗುಡಿಸುವವರು ಎಲ್ಲರಿಗೂ ಕೊಡಿ, ಕನ್ನಡದಲ್ಲಿ ಕೊಡಿ, ಹೆಸರು ಬರೆಸಬೇಡಿ. ಬಂದ ಉತ್ತರಗಳನ್ನು ಆಯಾ ವಿಭಾಗದ ಮುಖ್ಯಸ್ಥರ ಬಡ್ತಿಯ ಕಡತಕ್ಕೆ ಲಗತ್ತಿಸಿ.